ವಾರ್ಡಮ್ಮನ ಬೆಳಗಿನ ರೌಂಡ್ಸ್

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ವಾರ್ಡಮ್ಮ ಏಪ್ರನ್ ಕಟ್ಟಿಕೊಂಡು ಹಿತ್ತಲ ಬಾಗಿಲು ತೆಗೆದು ಹೊರಗೆ ಬಂದರು. ಕೈಯಲ್ಲಿ ಕಾಳಿನ ಡಬ್ಬಿ ಇತ್ತು. ಅದು ಅಲ್ಲಾಡದಂತೆ ಹೊಟ್ಟೆಗೆ ಒತ್ತಿ ಹಿಡಿದು, ಕೋಳಿಗೂಡಿನಿಂದ ಎರಡು ಹೆಜ್ಜೆ ಈಚೆ ನಿಂತುಕೊಂಡರು. ಡಬ್ಬಿಯ ಸದ್ದು ಕೇಳಿದರೆ ಕೋಳಿಗಳು ಅಡ್ಡಗೋಲಿನಿಂದ ಇಳಿದು ಗಲಾಟೆ ಶುರುಮಾಡುತ್ತವೆ. ಆಮೇಲೆ ಯಾವುದರ ಉಸಿರು ಹೇಗಿದೆ ಎಂದು ತಿಳಿಯುವುದಿಲ್ಲ.

ಎಂಟು ಕೋಳಿಗಳು ನಿದ್ದೆಯಲ್ಲಿರುವಾಗ ಗೂಡಿನಿಂದ ಏನೂ ಕೇಳಿಸಬಾರದು. ರೆಕ್ಕೆ ಸರಿಸಿಕೊಂಡ ಸದ್ದು, ಉಗುರು ಕೋಲಿಗೆ ತಾಗಿದ ಸದ್ದು, ಅಷ್ಟೇ. ಅಂದು ಎಡಗಡೆಯಿಂದ ಒಂದು ಸಣ್ಣ ಸೀನು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅದರ ಹಿಂದೆಯೇ, ತಳದಲ್ಲಿ ಒಂದಿಷ್ಟು ನೀರು ನಿಂತ ಕೊಳವೆಯೊಳಗೆ ಗಾಳಿ ಹಾದಂಥ ಗೊರಗೊರ.

‘ನಾಲ್ಕನೇ ಬೆಡ್ಡು’ ಎಂದುಕೊಂಡರು ವಾರ್ಡಮ್ಮ.

ಅವರ ಕೋಳಿಗಳಿಗೆ ಹೆಸರಿಲ್ಲ, ಬೆಡ್ ನಂಬರುಗಳಿವೆ. ಮೂವತ್ತೊಂದು ವರ್ಷ ಎದೆರೋಗದ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು ಅವರು. ಎರಡು ವಾರ್ಡು, ಒಂದೊಂದರಲ್ಲೂ ಇಪ್ಪತ್ತೆರಡು ಮಂಚ. ಬೆಳಗಿನ ಪಾಳಿಗೆ ಬಂದಾಗ ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಒಂದು ನಿಮಿಷ ನಿಂತು ಕೆಮ್ಮು ಕೇಳಿಸಿಕೊಳ್ಳುತ್ತಿದ್ದರು. ಯಾರದು ಒಣಗಿದೆ, ಯಾರದು ಕಫ ಕಟ್ಟಿದೆ, ನಿನ್ನೆ ಕೆಮ್ಮುತ್ತಿದ್ದ ಯಾವ ಮಂಚ ಇವತ್ತು ಸುಮ್ಮನಿದೆ ಎಂಬುದೆಲ್ಲ ದೀಪ ಹಾಕುವ ಮೊದಲೇ ಅವರಿಗೆ ಗೊತ್ತಾಗಿರುತ್ತಿತ್ತು. ದೊಡ್ಡ ಡಾಕ್ಟರೇ ರೌಂಡ್ಸಿಗೆ ಬಂದಾಗ ಅವರತ್ತ ತಿರುಗಿ, ‘ಏನಮ್ಮ, ಇವತ್ತು ನಿನ್ನ ಕಿವಿ ಏನು ಹೇಳುತ್ತೆ?’ ಎಂದು ಕೇಳುತ್ತಿದ್ದರಂತೆ. ಬೀದಿಯವರು ಅವರನ್ನು ವಾರ್ಡಮ್ಮ ಎಂದು ಕರೆಯಲು ಶುರುಮಾಡಿ ಎಷ್ಟು ಕಾಲವಾಯಿತೆಂದರೆ, ಅಂಚೆಯವನೂ ಈಗ ಆ ಹೆಸರಿನಲ್ಲೇ ಕೂಗುತ್ತಾನೆ.

ನಿವೃತ್ತಿಯ ನಂತರ ಹಿತ್ತಲಲ್ಲಿ ಕೋಳಿ ಸಾಕಿದರು. ಮನೆಗೆ ತಾಗಿದ ದೊಡ್ಡ ಗೂಡಿನಲ್ಲಿ ಎಂಟು ಕೋಳಿಗಳು. ಹಿತ್ತಲಿನ ಇನ್ನೊಂದು ತುದಿಯಲ್ಲಿ, ನೀರಿನ ತೊಟ್ಟಿಯ ಗೋಡೆಯ ಆಚೆ, ಬಲೆ ಕಟ್ಟಿದ ಪುಟ್ಟ ಗೂಡು. ಅದರಲ್ಲಿ ನಾಲ್ಕು ಎಳೆ ಕೋಳಿಗಳು, ಒಂಬತ್ತರಿಂದ ಹನ್ನೆರಡರವರೆಗಿನ ನಂಬರಿನವು. ಇನ್ನೆರಡು ತಿಂಗಳಿಗೆ ಮೊಟ್ಟೆ ಇಡಲು ಶುರುಮಾಡಬೇಕಾದವು. ಆ ಗೂಡಿಗೆ ವಾರ್ಡಮ್ಮ ಇಟ್ಟ ಹೆಸರು ಮಕ್ಕಳ ವಾರ್ಡು.

ಆ ನಾಲ್ಕು ಅವರವಲ್ಲ, ತಂಗಿಯವು. ತಂಗಿ ಬಟ್ಟೆ ಹೊಲಿಯುವವರು. ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಮನೆ. ಹೋದ ವರ್ಷ ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಮುಚ್ಚಳ ತೆಗೆದಿರಲಿಲ್ಲ. ಹಗಲು ಹತ್ತಾದರೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಅವರೇ ಫೋನು ಮಾಡಿ, ‘ಅಕ್ಕ, ನಾಲ್ಕು ಕೋಳಿ ಕೊಡ್ತೀಯಾ? ಬೆಳಿಗ್ಗೆ ಏಳದೆ ಇದ್ರೆ ಕೂಗಿ ಬೈಯೋರು ಯಾರಾದ್ರೂ ಬೇಕು ನಂಗೆ’ ಎಂದಿದ್ದರು. ಸತ್ತ ಗಂಡ ಅರ್ಧಕ್ಕೆ ಬಿಟ್ಟಿದ್ದ ಗೂಡೊಂದು ಅವರ ಅಂಗಳದಲ್ಲಿತ್ತು. ವಾರ್ಡಮ್ಮನ ಗಂಡ ಹೋಗಿ ಅದಕ್ಕೆ ಬಾಗಿಲು, ಚಿಲಕ ಜೋಡಿಸಿ ಬಂದರು. ಅವರು ಗಡಿಯಾರ ರಿಪೇರಿಯವರು. ಆ ಚಿಲಕ ಕೂರಿಸಲು ಒಂದಿಡೀ ದಿನ ತೆಗೆದುಕೊಂಡರು.

ಬೆಳೆದ ಮೇಲೆ ಕೊಡುತ್ತೇನೆ ಎಂದು ತಂಗಿಗೆ ಕೊಟ್ಟ ಮಾತು ಬಾಕಿ ಇರುವಾಗಲೇ ನಾಲ್ಕನೇ ಬೆಡ್ಡು ಸೀನಿದ್ದು.

ಬೆಳಕು ಬಂದ ಮೇಲೆ ವಾರ್ಡಮ್ಮ ಅದನ್ನು ಎತ್ತಿ ಕಂಕುಳಲ್ಲಿ ಹಿಡಿದು ನೋಡಿದರು. ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆಯಂಥ ಸಣ್ಣ ಗುಳ್ಳೆಗಳು. ಮೂಗಿನ ಹೊಳ್ಳೆಯ ಸುತ್ತ ಕಾಳಿನ ಪುಡಿ ಅಂಟಿಕೊಂಡು ಒಣಗಿತ್ತು. ರೆಕ್ಕೆಯ ಮೇಲ್ಭಾಗದ ಪುಕ್ಕಗಳು ಕೊಳಕಾಗಿ ಮೆತ್ತಿಕೊಂಡಿದ್ದವು. ಕೋಳಿಗೆ ಕರವಸ್ತ್ರ ಇಲ್ಲ, ಮೂಗು ಸೋರಿದರೆ ಅದು ಒರೆಸಿಕೊಳ್ಳುವುದು ಅಲ್ಲಿಗೇ. ಉಸಿರು ಎಳೆದಾಗ ಬಾಲ ಮೇಲೆ ಕೆಳಗೆ ಆಡುತ್ತಿತ್ತು.

‘ಏನಂತೆ?’ ಎಂದು ಗಂಡ ಅಡುಗೆಮನೆಯ ಕಿಟಕಿಯಿಂದ ಕೇಳಿದರು.

‘ಅಡ್ಮಿಟ್ ಮಾಡ್ಬೇಕು.’

‘ಬೆಡ್ ಖಾಲಿ ಇದೆಯಾ?’

‘ನಿಮ್ಮ ಹಳೇ ಗಡಿಯಾರ ತುಂಬಿದ ಪೆಟ್ಟಿಗೆ ಇದೆಯಲ್ಲ, ಅದನ್ನ ಖಾಲಿ ಮಾಡ್ಕೊಡಿ.’

ಗಂಡ ಗೊಣಗುತ್ತಲೇ ಪೆಟ್ಟಿಗೆ ಖಾಲಿ ಮಾಡಿದರು. ಒಂದು ಬದಿಯ ಹಲಗೆ ಕಿತ್ತು ಬಲೆ ಹೊಡೆದರು. ನಾಲ್ಕನೇ ಬೆಡ್ಡು ಹಿಂದಿನ ಜಗಲಿಗೆ ಬಂತು.

ಮಾಡಬೇಕಾದ್ದನ್ನೆಲ್ಲ ವಾರ್ಡಮ್ಮ ಮಾಡಿದರು. ದೊಡ್ಡ ಗೂಡಿನ ಹೊಟ್ಟನ್ನೆಲ್ಲ ಬಾಚಿ ತೆಗೆದು ಹೊಸ ಹೊಟ್ಟು ಹರಡಿದರು. ಮಂಡಿಯೂರಿ ಕೋಳಿಯ ಎತ್ತರಕ್ಕೆ ಮೂಗು ತಂದು ಮೂಸಿದರು. ಹಿಕ್ಕೆಯ ಘಾಟು ಮೂಗಿಗೆ ಅಡರಿದರೆ ಕೋಳಿಯ ಎದೆಗೂ ಅದು ಒಳ್ಳೆಯದಲ್ಲ. ಚಳಿಯೆಂದು ಗಂಡ ಮೇಲಿನ ಗಾಳಿಕಿಂಡಿಗೆ ತುರುಕಿದ್ದ ಗೋಣಿಚೀಲ ಕಿತ್ತು ಬಿಸಾಡಿದರು. ಎದೆರೋಗದ ವಾರ್ಡಿನಲ್ಲಿ ಕಿಟಕಿ ಮುಚ್ಚುವ ಪದ್ಧತಿ ಇರಲಿಲ್ಲ. ನೀರಿನ ಬಟ್ಟಲುಗಳನ್ನು ಕುದಿಸಿದರು. ರೋಗಿಗೆ ಬೇರೆ ಬಟ್ಟಲು. ಪ್ರತಿ ಸಲ ಮುಟ್ಟಿದ ಮೇಲೂ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು.

ರೋಗ ಎಲ್ಲಿಂದ ಬಂತು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ವರ್ಗವಾಗಿ ಹೋದ ನರ್ಸೊಬ್ಬರು ಹನ್ನೆರಡು ದಿನದ ಹಿಂದೆ ತಮ್ಮ ಒಂದು ಕೋಳಿಯನ್ನು ಕೊಟ್ಟು ಹೋಗಿದ್ದರು. ಅದೇ ಎಂಟನೇ ಬೆಡ್ಡು. ಎರಡು ದಿನ ಬೇರೆ ಇಟ್ಟು, ಚೆನ್ನಾಗಿ ತಿನ್ನುತ್ತಿದೆ ಎಂದು ಉಳಿದವುಗಳ ಜೊತೆ ಬಿಟ್ಟಿದ್ದರು. ಎರಡು ದಿನ ಸಾಲದು, ಮೂರು ನಾಲ್ಕು ವಾರ ಬೇಕಿತ್ತು ಎಂದು ಆಮೇಲೆ ಗೊತ್ತಾಯಿತು. ಆಗ ಅವರಿಗಿದ್ದ ಧೈರ್ಯ ಒಂದೇ: ಬಂದದ್ದು ಬಂತು, ಬೇರೆ ಮಾಡಿದ್ದೇನೆ, ಇನ್ನು ಹರಡುವುದಿಲ್ಲ.

ಮೂರನೇ ದಿನ ಎರಡು ಮತ್ತು ಏಳನೇ ಬೆಡ್ಡು ಸೀನಿದವು. ಅವು ಮೊದಲೇ ಅದರ ಪಕ್ಕದಲ್ಲಿ ಮಲಗಿದ್ದವು, ಅದರಲ್ಲಿ ಆಶ್ಚರ್ಯವಿರಲಿಲ್ಲ. ಒಂಬತ್ತನೇ ದಿನ ಮಕ್ಕಳ ವಾರ್ಡಿನಿಂದ ಸೀನು ಕೇಳಿತು.

ವಾರ್ಡಮ್ಮ ಬಲೆಯ ಮುಂದೆ ಬಹಳ ಹೊತ್ತು ನಿಂತರು. ಎರಡು ಗೂಡುಗಳ ನಡುವೆ ಹತ್ತೊಂಬತ್ತು ಹೆಜ್ಜೆ, ಮೇಲೆ ಒಂದು ಗೋಡೆ. ಆ ಕೋಳಿಗಳು ಈ ಕೋಳಿಗಳ ಮುಖವನ್ನೇ ನೋಡಿರಲಿಲ್ಲ.

‘ಗಾಳೀಲಿ ಬಂದಿರ್ಬೇಕು’ ಎಂದರು ಗಂಡ.

‘ಗಾಳಿ ಇಲ್ಲಿಂದ ಮನೆ ಕಡೆಗೆ ಬೀಸೋದು.’

‘ಹಾಗಾದ್ರೆ ಗುಬ್ಬಿ.’

‘ಇರಬಹುದು’ ಎಂದರು ವಾರ್ಡಮ್ಮ. ಬಲೆಯಲ್ಲಿ ಗುಬ್ಬಿ ನುಸುಳುವಷ್ಟು ತೂತು ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಗಂಡ ಅಂದು ಮಧ್ಯಾಹ್ನ ಅದರ ಮೇಲೆ ಇನ್ನೊಂದು ಬಲೆ ಹೊಡೆದರು.

ಮೂರು ದಿನದ ನಂತರ ಹನ್ನೊಂದನೇ ಬೆಡ್ಡು ಸತ್ತಿತ್ತು. ವಾರ್ಡಮ್ಮ ಅದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಬ್ಯಾಗಿಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ನಡೆದರು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಕೂದಲನ್ನು ಪೆನ್ಸಿಲಿನಿಂದ ಗಂಟು ಹಾಕಿಕೊಂಡಿದ್ದರು. ಮೊದಲು ಚೀಲ ಬಿಚ್ಚಲಿಲ್ಲ, ಪ್ರಶ್ನೆ ಕೇಳಿದರು.

‘ಒಂದೇ ದಿನ ತುಂಬಾ ಸತ್ತವಾ?’

‘ಇಲ್ಲ. ಇದೊಂದೇ.’

‘ಕುತ್ತಿಗೆ ತಿರುಚಿಕೊಳ್ಳೋದು, ಕಾಲು ಸೋಲೋದು, ಹಸಿರು ಹಿಕ್ಕೆ?’

‘ಯಾವುದೂ ಇಲ್ಲ.’

‘ಜುಟ್ಟು ನೀಲಿ ಆಗಿ ಮುಖ ಊದಿತ್ತಾ?’

‘ನಾಲ್ಕನೇದಕ್ಕೆ ಕಣ್ಣಿನ ಕೆಳಗೆ ಸ್ವಲ್ಪ ಊತ ಇದೆ. ನೀಲಿ ಇಲ್ಲ. ಕೆಟ್ಟ ವಾಸನೆಯೂ ಇಲ್ಲ, ಮೂಸಿ ನೋಡಿದೀನಿ.’

ಡಾಕ್ಟರು ತಲೆ ಎತ್ತಿ ನೋಡಿದರು. ‘ನೀವು ಎಲ್ಲಿ ಕೆಲಸ ಮಾಡ್ತಿದ್ರಿ ಅಮ್ಮ?’

ವಾರ್ಡಮ್ಮ ಹೇಳಿದರು. ಡಾಕ್ಟರು ನಕ್ಕು, ಕೈಗವಸು ಹಾಕಿಕೊಂಡು ಒಳಗೆ ಹೋದರು. ಅರ್ಧ ಗಂಟೆಯ ನಂತರ ಬಂದು ಹೇಳಿದ್ದು ಇಷ್ಟು: ಕೋಳಿಯ ಹೊಟ್ಟೆಯೊಳಗೆ ತೆಳುವಾದ ಗಾಳಿಚೀಲಗಳಿರುತ್ತವೆ, ಗಾಜಿನ ಹಾಗೆ ತಿಳಿಯಾಗಿರಬೇಕು, ಇದರವು ಮಂಜು ಕವಿದಂತೆ ಆಗಿವೆ, ಮೊಸರಿನ ಚೂರುಗಳಂಥದ್ದು ಅಂಟಿಕೊಂಡಿದೆ. ಪರೀಕ್ಷೆಗೆ ಕಳಿಸುತ್ತೇನೆ. ಆದರೆ ನೋಡಿದರೆ ಕೋಳಿಗಳಲ್ಲಿ ವರ್ಷಗಟ್ಟಲೆ ಉಳಿಯುವ ಉಸಿರಾಟದ ರೋಗವೇ ಅನ್ನಿಸುತ್ತದೆ.

‘ಇದು ಮಕ್ಕಳ ವಾರ್ಡಿಗೆ ಹೇಗೆ ಹೋಯ್ತು ಡಾಕ್ಟ್ರೇ? ನಾನು ಬೇರೆ ಇಟ್ಟಿದೀನಿ. ಕೈ ತೊಳೀತೀನಿ. ಬಟ್ಟಲು ಕುದಿಸ್ತೀನಿ.’

‘ಬೆಳಿಗ್ಗೆ ಎದ್ದು ಮೊದಲು ಯಾರ ಹತ್ರ ಹೋಗ್ತೀರಿ?’

‘ಸೀರಿಯಸ್ ಇರೋರ ಹತ್ರ’ ಎಂದರು ವಾರ್ಡಮ್ಮ. ಇದೆಂಥ ಪ್ರಶ್ನೆ ಎಂಬ ಧ್ವನಿ ಅವರದಾಗಿತ್ತು.

‘ಅಲ್ಲಿ ಏನು ಮಾಡ್ತೀರಿ?’

‘ಎತ್ತಿಕೊಂಡು ಕಣ್ಣು ಮೂಗು ಒರೆಸ್ತೀನಿ. ಬಿಸಿನೀರಲ್ಲಿ ಅದ್ದಿದ ಬಟ್ಟೆ. ಎದೆಗೆ ಒರಗಿಸಿಕೊಂಡು ಸ್ವಲ್ಪ ಹೊತ್ತು ಕೂರ್ತೀನಿ, ಆಗ ಉಸಿರು ಸಲೀಸಾಗುತ್ತೆ ಅದಕ್ಕೆ.’

‘ಆಮೇಲೆ?’

‘ಕೈ ತೊಳೆದು ದೊಡ್ಡ ಗೂಡು. ಆಮೇಲೆ ಮಕ್ಕಳ ವಾರ್ಡು.’

‘ಅದೇ ಏಪ್ರನ್ನು, ಅದೇ ಚಪ್ಪಲಿ?’

ವಾರ್ಡಮ್ಮ ಬಗ್ಗಿ ತಮ್ಮ ಚಪ್ಪಲಿ ನೋಡಿಕೊಂಡರು. ಮಡಿಲ ಮೇಲಿದ್ದ ಖಾಲಿ ಬ್ಯಾಗನ್ನು ಎರಡು ಮಡಿಕೆ ಮಾಡಿದರು, ಮತ್ತೆ ಬಿಚ್ಚಿದರು.

ಇಪ್ಪತ್ತಾರನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಮೇಟ್ರನ್ ಕಲಿಸಿದ ಪಾಠ ಅದು. ಉಸಿರಿಗೆ ಕಷ್ಟಪಡುವವರು ಮೊದಲು, ಊಟಕ್ಕೆ ಕೂಗುವವರು ಆಮೇಲೆ. ವಾರ್ಡಿನಲ್ಲಿ ಇದ್ದವರೆಲ್ಲ ರೋಗಿಗಳೇ ಆದ್ದರಿಂದ ಆ ಪಾಠ ಅಲ್ಲಿ ಸರಿಯಾಗಿತ್ತು. ಹಿತ್ತಲಿನಲ್ಲಿ ಆರೋಗ್ಯವಾಗಿದ್ದವೂ ಇದ್ದವು. ಪ್ರತಿ ಬೆಳಿಗ್ಗೆ ಅವರು ಕಾಯಿಲೆಯನ್ನು ಎದೆಗೆ ಒರಗಿಸಿಕೊಂಡು, ಅದೇ ಎದೆಯೊಂದಿಗೆ ಹತ್ತೊಂಬತ್ತು ಹೆಜ್ಜೆ ನಡೆದು ಹೋಗಿದ್ದರು.

‘ಇನ್ಮೇಲೆ ತಿರುಗಿಸಿ’ ಎಂದರು ಡಾಕ್ಟರು. ‘ಮೊದಲು ಚೆನ್ನಾಗಿರೋವು. ಸೀರಿಯಸ್ ಕೊನೆಗೆ. ಪ್ರತಿ ಗೂಡಿಗೂ ಬೇರೆ ಚಪ್ಪಲಿ, ಬೇರೆ ಏಪ್ರನ್ನು, ಅಲ್ಲೇ ಬಾಗಿಲ ಹತ್ರ ನೇತುಹಾಕಿ. ಒಟ್ಟಿಗೆ ಸಾಯೋಕೆ ಶುರುವಾದ್ರೆ ಮಾತ್ರ ಏನೂ ಮುಟ್ಟಬೇಡಿ, ತಕ್ಷಣ ಫೋನ್ ಮಾಡಿ. ಅದು ಬೇರೆ ರೋಗ, ಮನುಷ್ಯರಿಗೂ ಬರಬಹುದು.’

ನೀರಿಗೆ ಹಾಕುವ ಔಷಧಿ ಬರೆದುಕೊಟ್ಟರು. ಎಷ್ಟು ನೀರಿಗೆ ಎಷ್ಟು ಎಂದು ಚೀಟಿಯಲ್ಲಿ ದೊಡ್ಡದಾಗಿ ಬರೆದರು. ದಿನಾ ಹೊಸದಾಗಿ ಕಲಸಬೇಕು, ಬೇರೆ ನೀರು ಇಡಬಾರದು, ಔಷಧಿ ನಡೆಯುವಾಗಲೂ ಮುಗಿದ ಮೇಲೆ ತಾವು ಹೇಳುವವರೆಗೂ ಮೊಟ್ಟೆ ತಿನ್ನಬಾರದು, ಯಾರಿಗೂ ಕೊಡಬಾರದು.

ಕೊನೆಗೆ ಇನ್ನೊಂದು ಮಾತು ಹೇಳಿದರು. ‘ಬದುಕಿದವು ಚೆನ್ನಾಗೇ ಆಗ್ತವೆ ಅಮ್ಮ. ನೋಡೋಕೆ ಏನೂ ಗೊತ್ತಾಗಲ್ಲ. ಆದ್ರೆ ರೋಗ ಒಳಗೇ ಇರುತ್ತೆ, ಅವು ಇರೋ ತನಕ. ನಿಮ್ಮ ಹಿತ್ತಲಿಂದ ಇನ್ನು ಒಂದು ಕೋಳಿಯೂ ಹೊರಗೆ ಹೋಗಬಾರದು. ಹೊಸದು ಒಳಗೂ ಬರಬಾರದು.’

‘ಮಕ್ಕಳ ವಾರ್ಡಿನವೂ?’

‘ಅವೂ.’

ಮಾರನೆಯ ದಿನದಿಂದ ರೌಂಡ್ಸ್ ತಿರುಗುಮುರುಗಾಯಿತು. ಅದು ಕೇಳಲು ಸುಲಭ. ಜಗಲಿ ಇರುವುದು ಹಿತ್ತಲ ಬಾಗಿಲಿನ ಪಕ್ಕದಲ್ಲೇ. ಮಕ್ಕಳ ವಾರ್ಡಿಗೆ ಹೋಗಬೇಕಾದರೆ ನಾಲ್ಕನೇ ಬೆಡ್ಡಿನ ಪೆಟ್ಟಿಗೆಯನ್ನು ದಾಟಿಯೇ ಹೋಗಬೇಕು. ಬಾಗಿಲಿನ ಸದ್ದಿಗೆ ಅದು ಎದ್ದು ಬಲೆಯ ಹತ್ತಿರ ಬರುತ್ತಿತ್ತು. ಕೊಕ್ಕು ತೆರೆದು, ಕುತ್ತಿಗೆ ಚಾಚಿ ಉಸಿರೆಳೆಯುತ್ತಾ ನಿಲ್ಲುತ್ತಿತ್ತು. ನಿವೃತ್ತಿಯ ವರ್ಷ ತಂದ ಮೊದಲ ಕೋಳಿಗಳಲ್ಲಿ ಉಳಿದದ್ದು ಅದೊಂದೇ. ಮೂವತ್ತೊಂದು ವರ್ಷದಲ್ಲಿ ವಾರ್ಡಮ್ಮ ಬಾಯಿ ತೆರೆದು ಉಸಿರಾಡುವ ಯಾವ ರೋಗಿಯನ್ನೂ ದಾಟಿ ಮುಂದೆ ಹೋದವರಲ್ಲ.

ಮೊದಲ ದಿನ ದಾಟಿದರು. ಎರಡನೇ ದಿನವೂ ದಾಟಿದರು. ‘ಬಂದೆ, ಬಂದೆ, ಒಂದು ನಿಮಿಷ’ ಎನ್ನುತ್ತಿದ್ದರು, ಅದರ ಮುಖ ನೋಡದೆ. ಮೂರನೇ ದಿನ ಮಕ್ಕಳ ವಾರ್ಡಿಗೆ ಔಷಧಿಯ ನೀರು ತುಂಬಿ, ದೊಡ್ಡ ಗೂಡಿನ ಹೊಟ್ಟು ಕೆದಕಿ, ಏಪ್ರನ್ ಬದಲಿಸಿ ಜಗಲಿಗೆ ಬರುವ ಹೊತ್ತಿಗೆ ನಾಲ್ಕನೇ ಬೆಡ್ಡು ಪೆಟ್ಟಿಗೆಯ ಮೂಲೆಯಲ್ಲಿ ಒರಗಿ ಸತ್ತಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಗಂಡ ಬಂದು ಪಕ್ಕದಲ್ಲಿ ಕೂತರು.

‘ಮೊದಲು ಇಲ್ಲಿಗೆ ಬಂದಿದ್ರೂ ಉಳೀತಿರಲಿಲ್ಲ ಅದು’ ಎಂದರು ಗಂಡ.

‘ಗೊತ್ತು ರೀ. ಒಬ್ಬರು ಹತ್ರ ಇರ್ತಿದ್ರು, ಅಷ್ಟೇ.’

ಉಳಿದವು ಚೇತರಿಸಿಕೊಂಡವು. ನಾಲ್ಕನೇ ದಿನಕ್ಕೆ ಸೀನು ಕಡಿಮೆಯಾಗಿ, ಏಳನೇ ಬೆಡ್ಡು ಹೊಟ್ಟು ಕೆರೆದು ಗಂಡನ ಚಪ್ಪಲಿಯ ಮೇಲೆ ಎರಚಿತು. ಇಷ್ಟು ದಿನ ಮೊಟ್ಟೆಯಿಲ್ಲದ ತಿಂಡಿ ತಿಂದು ಬೇಸತ್ತಿದ್ದ ಅವರು, ‘ನೋಡು, ಹುಷಾರಾಗಿದಾವೆ. ಔಷಧಿ ಸಾಕಲ್ವಾ ಇನ್ನು?’ ಎಂದರು.

‘ಹಾಗೆ ಅಂದೋರೇ ಎಲ್ಲ ಆರು ತಿಂಗಳಿಗೆ ನನ್ನ ವಾರ್ಡಿಗೆ ವಾಪಸ್ ಬರ್ತಿದ್ದಿದ್ದು’ ಎಂದರು ವಾರ್ಡಮ್ಮ. ಚೀಟಿಯಲ್ಲಿ ಬರೆದಷ್ಟು ದಿನವೂ ಔಷಧಿ ನಡೆಯಿತು. ಈ ನಡುವೆ ಪರೀಕ್ಷೆಯ ಫಲಿತಾಂಶವೂ ಬಂತು. ಡಾಕ್ಟರ ಊಹೆ ಸರಿಯಾಗಿತ್ತು.

ಇಷ್ಟೂ ದಿನ ತಂಗಿಗೆ ಫೋನಿನಲ್ಲಿ ಅವರು ಹೇಳಿದ್ದು, ‘ನರ್ಸು ಕೊಟ್ಟ ಕೋಳಿಯಿಂದ ಸ್ವಲ್ಪ ನೆಗಡಿ ಬಂದಿದೆ, ತಡ ಆಗುತ್ತೆ’ ಎಂದಷ್ಟೇ. ಒಂದು ಭಾನುವಾರ ಮಧ್ಯಾಹ್ನ ತಂಗಿ ಹೇಳದೆ ಕೇಳದೆ ಬಂದರು. ಕೈಯಲ್ಲಿ ಮುಚ್ಚಳವಿದ್ದ ಬುಟ್ಟಿ. ಅದರ ಒಳಗೆ ಹಳೆಯ ಬಟ್ಟೆ ಹೊಲಿದು ಮೆತ್ತೆ ಮಾಡಿ ಹಾಸಿದ್ದರು. ಹೊಲಿಗೆ ಯಂತ್ರದ ಮುಚ್ಚಳ ತೆಗೆದಿದ್ದಾರೆ ಎಂದು ವಾರ್ಡಮ್ಮನಿಗೆ ಆಗ ಗೊತ್ತಾಯಿತು.

ತಂಗಿ ನೇರವಾಗಿ ತೊಟ್ಟಿಯ ಆಚೆ ಹೋಗಿ ಬಲೆಯ ಹೊರಗೆ ನಿಂತು ನೋಡಿದರು. ಮೂರು ಎಳೆ ಕೋಳಿಗಳು ಬಿಸಿಲಿನಲ್ಲಿ ಮಣ್ಣು ಎರಚಿಕೊಳ್ಳುತ್ತಿದ್ದವು. ಪುಕ್ಕ ಮಿಂಚುತ್ತಿತ್ತು.

‘ಎಷ್ಟು ಚೆನ್ನಾಗಿದಾವೆ ಅಕ್ಕ. ಇದನ್ನ ನೆಗಡಿ ಅಂದೆಯಾ? ನನಗೇ ಇವಕ್ಕಿಂತ ಜಾಸ್ತಿ ನೆಗಡಿ ಇದೆ.’

‘ಕೊಡೋಕಾಗಲ್ಲ.’

‘ಮುಂದಿನ ವಾರ?’

‘ಯಾವತ್ತೂ ಆಗಲ್ಲ.’

ತಂಗಿ ತಿರುಗಿ ನೋಡಿದರು. ‘ಕೊಡೋಕೆ ಮನಸ್ಸಿಲ್ಲದಿದ್ರೆ ಹಾಗೇ ಹೇಳು. ನಾನು ಸಾಕಲ್ಲ, ಅರ್ಧಕ್ಕೆ ಬಿಡ್ತೀನಿ ಅಂತ ತಾನೇ?’

‘ಅದಲ್ಲ. ಅವುಗಳ ಒಳಗೆ ರೋಗ ಉಳ್ಕೊಂಡಿದೆ. ಬಸ್ಸಲ್ಲಿ ಕುಲುಕಿ, ಹೊಸ ಜಾಗಕ್ಕೆ ಹೋದ ಸುಸ್ತಿಗೇ ಮತ್ತೆ ಏಳುತ್ತೆ. ನಿನ್ನ ಓಣಿಯಲ್ಲಿ ಏಳು ಮನೆ, ಆರು ಮನೇಲಿ ಕೋಳಿ. ಎಲ್ಲ ಒಂದೇ ಕಡೆ ಮೇಯ್ತವೆ. ಇವು ಹೋದ್ರೆ ಅವಕ್ಕೆಲ್ಲ ಬರುತ್ತೆ.’

‘ಆ ನರ್ಸಿಗೆ ಒಳ್ಳೇದಾಗಲಿ’ ಎಂದು ತಂಗಿ ವ್ಯಂಗ್ಯದಿಂದ ನಕ್ಕರು.

ವಾರ್ಡಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ‘ನರ್ಸಿನ ಕೋಳಿಯಿಂದ ಬಂದಿದ್ದು ದೊಡ್ಡ ಗೂಡಿಗೆ. ಇಲ್ಲಿಗೆ ಯಾವ ಕೋಳಿಯೂ ತರಲಿಲ್ಲ. ನಾನು ತಂದೆ. ದಿನಾ ಬೆಳಿಗ್ಗೆ ಸೀಕಿನ ಕೋಳಿ ಮೊದಲು ಎತ್ತಿಕೊಂಡು, ಅದೇ ಬಟ್ಟೇಲಿ ಇಲ್ಲಿಗೆ ಬರ್ತಿದ್ದೆ. ಡಾಕ್ಟರು ಹೇಳೋ ತನಕ ನನಗೆ ಹೊಳೀಲೇ ಇಲ್ಲ. ಗೊತ್ತಾದ ಮೇಲೂ ನಿನಗೆ ನರ್ಸಿನ ಹೆಸರೇ ಹೇಳ್ತಾ ಇದ್ದೆ.’

ತಂಗಿ ಬುಟ್ಟಿಯೊಳಗಿನ ಮೆತ್ತೆ ಸರಿಮಾಡಿದರು. ಆಮೇಲೆ ಬುಟ್ಟಿಯ ಮುಚ್ಚಳ ಹಾಕಿ, ‘ನಾಲ್ಕು ಗಂಟೆ ಬಸ್ಸಿದೆ’ ಎಂದರು. ಚಹಾ ಕುಡಿಯಲಿಲ್ಲ. ಗಂಡ ಬಸ್ ನಿಲ್ದಾಣದವರೆಗೆ ಜೊತೆಗೆ ಹೋಗಿ ಬಂದರು. ಗೂಡಿನ ಚಿಲಕ ಗಟ್ಟಿಯಾಗಿದೆಯೇ ಎಂದು ತಾನು ಕೇಳಿದ್ದಕ್ಕೆ ತಂಗಿ ಹೂಂ ಎಂದಳು, ದಾರಿಯಲ್ಲಿ ಆಡಿದ ಮಾತು ಅದೊಂದೇ ಎಂದು ವರದಿ ಮಾಡಿದರು.

ಹದಿನೇಳು ದಿನ ಫೋನು ಬರಲಿಲ್ಲ. ವಾರ್ಡಮ್ಮ ಎರಡು ಸಲ ಮಾಡಿದರು, ತಂಗಿ ತೆಗೆಯಲಿಲ್ಲ. ಈ ನಡುವೆ ಅವರು ಪಶು ಆಸ್ಪತ್ರೆಗೆ ಹೋಗಿ, ರೋಗವಿಲ್ಲವೆಂದು ಪರೀಕ್ಷೆಯಾದ ಮರಿಗಳು ಎಲ್ಲಿ ಸಿಗುತ್ತವೆ ಎಂದು ಕೇಳಿ, ವಿಳಾಸವನ್ನು ಒಂದು ಕಾರ್ಡಿನಲ್ಲಿ ಬರೆದು ತಂಗಿಗೆ ಅಂಚೆಯಲ್ಲಿ ಕಳಿಸಿದರು. ಬೇರೇನೂ ಬರೆಯಲಿಲ್ಲ.

ಹದಿನೆಂಟನೇ ದಿನ ತಂಗಿಯ ಫೋನು ಬಂತು. ‘ಅಕ್ಕ, ಗುರುವಾರ ಆರು ಮರಿ ಬರ್ತಿವೆ. ಅವಕ್ಕೆ ಬೆಚ್ಚಗಿಡೋ ಬಲ್ಬು ಎಷ್ಟು ಎತ್ತರಕ್ಕೆ ಕಟ್ಟಬೇಕೋ ಗೊತ್ತಿಲ್ಲ. ಬರ್ತೀಯಾ?’

‘ಬರ್ತೀನಿ. ಗೂಡಿನ ಒಳಗೆ ಬರಲ್ಲ. ಹೊರಗೆ ಕೂತು ಹೇಳ್ತೀನಿ, ನೀನು ಮಾಡು.’

‘ನಿನ್ನ ಅಳತೆಯ ಚಪ್ಪಲಿ ಒಂದು ಜೊತೆ ತಂದಿಟ್ಟಿದೀನಿ ಬಾಗಿಲಲ್ಲಿ’ ಎಂದರು ತಂಗಿ. ‘ಇಲ್ಲಿಂದ ಅದು ಆಚೆ ಹೋಗಲ್ಲ.’

ವಾರ್ಡಮ್ಮನ ಹಿತ್ತಲಲ್ಲಿ ಈಗ ಹತ್ತು ಕೋಳಿಗಳಿವೆ. ಕೊನೆಯದು ಸಾಯುವವರೆಗೆ ಅವು ಅಲ್ಲೇ ಇರುತ್ತವೆ. ಆಮೇಲೆ ಗೂಡು ತೊಳೆದು, ಕೆಲವು ವಾರ ಖಾಲಿ ಬಿಡಬೇಕು. ಗುರುವಾರ ಬೆಳಿಗ್ಗೆ ಅವರು ಕೋಳಿಗಳ ಹತ್ತಿರ ಹೋಗುವುದಿಲ್ಲ. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಮುಂಬಾಗಿಲಿನಿಂದ ಹೊರಟು ಎಂಟು ಗಂಟೆಯ ಬಸ್ಸು ಹಿಡಿಯುತ್ತಾರೆ. ಅಂದಿನ ರೌಂಡ್ಸ್ ಗಂಡನದು. ಮೊದಲು ಯಾವ ಗೂಡು, ಆಮೇಲೆ ಯಾವುದು ಎಂದು ಹಿತ್ತಲ ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಿದೆ.